ದಿನಾ 140 ಕಿಲೋಮೀಟರ್ ಓಡಬೇಕಾದ ಸೆಕೆಂಡ್ ಹ್ಯಾಂಡ್ ಕಾರು: ತಪ್ಪು ಕಲ್ಪನೆ ಮತ್ತು ವಾಸ್ತವ

ಮನೆ ತುಮಕೂರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ. ಹೀಗೆ ಬದುಕುವವರಲ್ಲಿ ಬಹಳಷ್ಟು ಮಂದಿ ಬೆಳಗಿನ ರೈಲಿಗೆ ಒಗ್ಗಿಹೋಗಿದ್ದಾರೆ. ಪಾಳಿ ಕೆಲಸದವರು, ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರು, ರೈಲಿನ ವೇಳೆಗೆ ಹೊಂದಿಕೊಳ್ಳಲಾಗದವರು ಕಾರು ಹಿಡಿಯುತ್ತಾರೆ. ಒಂದು ಕಡೆಗೆ ಸುಮಾರು 70 ಕಿಲೋಮೀಟರ್. ತಿಂಗಳಿಗೆ 24 ದಿನ ಎಂದು ಲೆಕ್ಕ ಹಿಡಿದರೂ ವರ್ಷಕ್ಕೆ 40,000 ಕಿಲೋಮೀಟರ್ ದಾಟುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಿಂದ ಓಡಾಡುವವರ ಲೆಕ್ಕವೂ ಹೆಚ್ಚುಕಡಿಮೆ ಇದೇ.

ಇಷ್ಟು ದೂರಕ್ಕೆ ಪುಟ್ಟ ಎಂಜಿನ್ನಿನ ಕಾರು ದಣಿಸುತ್ತದೆ. ‘ಸ್ವಲ್ಪ ಪಿಕಪ್ ಇರೋ ಗಾಡಿ ಬೇಕು’ ಅನ್ನಿಸುವುದು ಸಹಜ. ಹೊಸದಕ್ಕೆ ದುಡ್ಡು ಸಾಲದೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಹೋಗುವುದೂ ಸರಿಯಾದ ದಾರಿಯೇ. ಆದರೆ ಅಲ್ಲಿ ಕಾರು ಆರಿಸುವಾಗ ಜನ ನೆಚ್ಚಿಕೊಳ್ಳುವ ಮಾತುಗಳಲ್ಲಿ ಎಷ್ಟೋ ತಪ್ಪಾಗಿವೆ. ತಪ್ಪಿಗೆ ತೆರಬೇಕಾದ ಬೆಲೆಯೂ ದೊಡ್ಡದು, ಏಕೆಂದರೆ ವರ್ಷಕ್ಕೆ 40,000 ಕಿಲೋಮೀಟರ್ ಓಡುವ ಗಾಡಿಯಲ್ಲಿ ಯಾವ ದೋಷವೂ ಬಹಳ ಕಾಲ ಅಡಗಿರುವುದಿಲ್ಲ.

ತಪ್ಪು ಕಲ್ಪನೆ: ಪವರ್ ಹೆಚ್ಚಿದ್ದರೆ ಬೇಗ ತಲುಪಬಹುದು

ವಾಸ್ತವ: 70 ಕಿಲೋಮೀಟರನ್ನು ಎಲ್ಲೂ ನಿಲ್ಲದೆ ಗಂಟೆಗೆ 100ರ ವೇಗದಲ್ಲಿ ಹೋದರೆ 42 ನಿಮಿಷ ಬೇಕು, 120ರಲ್ಲಿ ಹೋದರೆ 35. ಉಳಿಯುವುದು ಏಳು ನಿಮಿಷ, ಅದೂ ರಸ್ತೆ ಪೂರ್ತಿ ಖಾಲಿ ಇದ್ದರೆ. ನೆಲಮಂಗಲ ದಾಟಿ ಗೊರಗುಂಟೆಪಾಳ್ಯಕ್ಕೆ ಬರುವ ಹೊತ್ತಿಗೆ ಆ ಏಳು ನಿಮಿಷ ಸಿಗ್ನಲ್ಲಿನಲ್ಲೇ ಕರಗಿರುತ್ತದೆ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿನ ಮಿತಿ ಗಂಟೆಗೆ 100 ಕಿಲೋಮೀಟರ್. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ಮೀರಿದರೆ ಎಫ್‌ಐಆರ್ ದಾಖಲಿಸುವ ಕ್ರಮವೂ ಬಂದಿದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಂತೂ ಕ್ಯಾಮೆರಾಗಳೇ ದಂಡ ಹಾಕುತ್ತವೆ.

ಬಲವಾದ ಎಂಜಿನ್ನಿನ ಪ್ರಯೋಜನ ಬೇರೆ ಕಡೆ ಇದೆ. ಸರ್ವಿಸ್ ರಸ್ತೆಯಿಂದ ಹೆದ್ದಾರಿಗೆ ಸೇರುವಾಗ ಹಿಂದಿನಿಂದ ಬರುವ ಬಸ್ಸಿಗೆ ಅಡ್ಡವಾಗದಷ್ಟು ವೇಗವನ್ನು ಹತ್ತಾರು ಮಾರಿನಲ್ಲೇ ಹಿಡಿಯಬೇಕು. ಒಂದು ಲಾರಿ ಇನ್ನೊಂದು ಲಾರಿಯನ್ನು ಹಿಂದಿಕ್ಕುತ್ತಾ ಬಲಗಡೆಯ ಪಥವನ್ನು ಕಟ್ಟಿಹಾಕಿದಾಗ 60ಕ್ಕೆ ಇಳಿದು, ದಾರಿ ಬಿಟ್ಟೊಡನೆ ಮತ್ತೆ 90ಕ್ಕೆ ಏರಬೇಕು. ದಿನಕ್ಕೆ ಎಷ್ಟೋ ಸಲ ನಡೆಯುವ ಕೆಲಸ ಇದು. ಗೇರ್ ಬದಲಿಸಿ, ಎಂಜಿನ್ನನ್ನು ಅರಚಿಸಿ, ಉಸಿರು ಬಿಗಿಹಿಡಿದು ಮಾಡುವುದಕ್ಕೂ ಪೆಡಲನ್ನು ತುಸು ಒತ್ತಿ ಮಾಡುವುದಕ್ಕೂ ಸಂಜೆ ಮನೆಗೆ ಬಂದಾಗ ಮೈಗೆ ಗೊತ್ತಾಗುವ ವ್ಯತ್ಯಾಸವಿದೆ. ಪವರ್‌ಗೆ ದುಡ್ಡು ಕೊಡುವುದಾದರೆ ಈ ಕಾರಣಕ್ಕೆ ಕೊಡಿ.

ತಪ್ಪು ಕಲ್ಪನೆ: ಬಿಎಚ್‌ಪಿ ಸಂಖ್ಯೆ ನೋಡಿದರೆ ಕಾರಿನ ಬಲ ತಿಳಿಯುತ್ತದೆ

ವಾಸ್ತವ: ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲೇ. ಮಟ್ಟಸ ರಸ್ತೆಯಲ್ಲಿ ಒಂದು ಸೆಡಾನ್ 100ರ ವೇಗ ಕಾಯ್ದುಕೊಳ್ಳಲು ಎಂಜಿನ್ನಿನಿಂದ ಬೇಕಾಗುವುದು 20ರಿಂದ 25 ಅಶ್ವಶಕ್ತಿ, ಅಷ್ಟೇ. ಉಳಿದದ್ದೆಲ್ಲ ಕೈಯಲ್ಲಿಟ್ಟುಕೊಂಡ ಮೀಸಲು. ಆ ಮೀಸಲು ನೀವು ಓಡಿಸುವ ಆರ್‌ಪಿಎಂನಲ್ಲಿ ಸಿಗುತ್ತದೆಯೇ ಎಂಬುದು ಮುಖ್ಯ ಪ್ರಶ್ನೆ.

ಎರಡು ಜನಪ್ರಿಯ ಕಾರುಗಳನ್ನೇ ತೆಗೆದುಕೊಳ್ಳಿ. ನಾಲ್ಕನೇ ತಲೆಮಾರಿನ ಹೋಂಡಾ ಸಿಟಿಯ 1.5 ಪೆಟ್ರೋಲ್: 119 ಪಿಎಸ್, ಟಾರ್ಕ್ 145 ನ್ಯೂಟನ್ ಮೀಟರ್. ಹ್ಯುಂಡೈ ವರ್ನಾದ 1.6 ಡೀಸೆಲ್: 128 ಪಿಎಸ್, 260 ನ್ಯೂಟನ್ ಮೀಟರ್. ಪವರ್ ನೋಡಿದರೆ ಎರಡೂ ಸರಿಸುಮಾರು ಸಮ. ಈಗ ಎರಡನ್ನೂ 2,000 ಆರ್‌ಪಿಎಂನಲ್ಲಿ ನೋಡೋಣ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,023ರಿಂದ ಭಾಗಿಸಿದರೆ ಆ ಕ್ಷಣದ ಪಿಎಸ್ ಬರುತ್ತದೆ. ವರ್ನಾದ ಪೂರ್ಣ ಟಾರ್ಕ್ ಅಷ್ಟರಲ್ಲಾಗಲೇ ಬಂದಿರುತ್ತದೆ. ಲೆಕ್ಕ ಹಾಕಿದರೆ 74 ಪಿಎಸ್. ಸಿಟಿಯ ಪೂರ್ಣ ಟಾರ್ಕ್ ಸಿಗುವುದು 4,600 ಆರ್‌ಪಿಎಂನಲ್ಲಿ. 2,000ದಲ್ಲೇ ಪೂರ್ತಿ ಸಿಗುತ್ತದೆಂದು ಧಾರಾಳವಾಗಿ ಒಪ್ಪಿಕೊಂಡರೂ 41 ಪಿಎಸ್ ದಾಟುವುದಿಲ್ಲ. ಲಾರಿಯ ಹಿಂದಿನಿಂದ ಅದೇ ಗೇರಿನಲ್ಲಿ ಹೊರಬರುವಾಗ ಒಂದು ಕಾರು ಇನ್ನೊಂದಕ್ಕಿಂತ ಇಷ್ಟು ಮುಂದಿದೆ, ಬ್ರೋಷರಿನಲ್ಲಿ ಮಾತ್ರ ಎರಡೂ ಜೋಡಿಗಳು.

ಇದರರ್ಥ ಸಿಟಿ ಕೆಟ್ಟ ಕಾರು ಎಂದಲ್ಲ. ಎರಡು ಗೇರ್ ಕೆಳಗಿಳಿಸಿ 5,000ದವರೆಗೆ ಏರಿಸುವುದನ್ನು ಇಷ್ಟಪಡುವವರಿಗೆ ಅದರ ಎಂಜಿನ್ ಬಹಳ ಸೊಗಸು. ದಿನವೂ ಎರಡು ಹೊತ್ತು, ವರ್ಷಾನುಗಟ್ಟಲೆ ಹಾಗೆ ಓಡಿಸಲು ನಿಮಗೆ ಮನಸ್ಸಿದೆಯೇ ಎಂದು ಕೇಳಿಕೊಳ್ಳಬೇಕು. ಟರ್ಬೊ ಇರುವ ಎಂಜಿನ್ನುಗಳು, ಪೆಟ್ರೋಲ್ ಇರಲಿ ಡೀಸೆಲ್ ಇರಲಿ, ಕೆಳಗಿನ ಆರ್‌ಪಿಎಂನಲ್ಲೇ ಎಳೆತ ಕೊಡುತ್ತವೆ. 105 ಪಿಎಸ್‌ನ ಪೋಲೊ ಜಿಟಿ ಟಿಎಸ್‌ಐ, 100 ಪಿಎಸ್‌ನ ಫೋರ್ಡ್ 1.5 ಡೀಸೆಲ್ ಫಿಗೊ ಕಾಗದದ ಮೇಲೆ ಸಾಧಾರಣ, ರಸ್ತೆಯಲ್ಲಿ ಗಟ್ಟಿಗರು. ಮಾರುತಿ ಎಸ್-ಕ್ರಾಸ್ 1.6 ಡೀಸೆಲ್ ಇನ್ನೊಂದು ಉದಾಹರಣೆ: 120 ಪಿಎಸ್, 320 ನ್ಯೂಟನ್ ಮೀಟರ್. ಹೊಸದಾಗಿದ್ದಾಗ ಹೆಚ್ಚು ಮಾರಾಟವಾಗದೆ 2017ರಲ್ಲಿ ನಿಂತೇಹೋಯಿತು. ಈಗ ಹೆದ್ದಾರಿ ಬಲ್ಲವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ತಪ್ಪು ಕಲ್ಪನೆ: ಕಡಿಮೆ ಓಡಿದ ಗಾಡಿಯೇ ಒಳ್ಳೆಯ ಗಾಡಿ

ವಾಸ್ತವ: ‘ಒಂಬತ್ತು ವರ್ಷಕ್ಕೆ ಬರೀ 38,000 ಓಡಿದೆ ಸಾರ್, ಸಿಂಗಲ್ ಓನರ್, ಡಾಕ್ಟರ್ ಗಾಡಿ’ ಎನ್ನುವ ಮಾತನ್ನು ಬ್ರೋಕರ್ ಬಾಯಲ್ಲಿ ಕೇಳದವರಿಲ್ಲ. ಆ ಅಂಕಿ ನಿಜವೇ ಆಗಿದ್ದರೂ ಹಿಗ್ಗುವಂಥದ್ದೇನಿಲ್ಲ. ಮನೆಯಿಂದ ಕ್ಲಿನಿಕ್ಕಿಗೆ ಮೂರು ಕಿಲೋಮೀಟರ್ ಓಡಿ ನಿಲ್ಲುವ ಗಾಡಿಯ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಆಯಿಲ್‌ನಲ್ಲಿ ನೀರಿನಂಶ ಉಳಿಯುತ್ತದೆ, ಬ್ಯಾಟರಿ ಸರಿಯಾಗಿ ಚಾರ್ಜ್ ಆಗುವುದಿಲ್ಲ, ರಬ್ಬರ್ ಬುಷ್‌ಗಳು ನಿಂತಲ್ಲೇ ಒಣಗಿ ಬಿರಿಯುತ್ತವೆ. ಅಂಥ ಗಾಡಿಯನ್ನು ತಂದು ಮರುದಿನದಿಂದಲೇ 140 ಕಿಲೋಮೀಟರ್ ಓಡಿಸತೊಡಗಿದರೆ ಮೊದಲ ಆರು ತಿಂಗಳಲ್ಲಿ ಒಂದರ ಹಿಂದೆ ಒಂದು ಕೈಕೊಡುತ್ತವೆ. ಐದು ವರ್ಷದಲ್ಲಿ 1 ಲಕ್ಷ ಕಿಲೋಮೀಟರ್ ಹೆದ್ದಾರಿಯಲ್ಲಿ ಓಡಿ, ಹತ್ತು ಸಾವಿರಕ್ಕೊಮ್ಮೆ ಆಯಿಲ್ ಬದಲಾಯಿಸಿದ ಬಿಲ್ ಇರುವ ಗಾಡಿಯನ್ನು ನಾನು ಕಣ್ಣು ಮುಚ್ಚಿ ಅದಕ್ಕಿಂತ ಮೇಲೆ ಇಡುತ್ತೇನೆ.

ಅಂಕಿ ನಿಜವಲ್ಲದಿರುವುದೂ ಉಂಟು. ಮೀಟರ್ ತಿರುಗಿಸುವುದು ಈಗ ಲ್ಯಾಪ್‌ಟಾಪಿನಲ್ಲಿ ಆಗುವ ಕೆಲಸ. ಮೀಟರನ್ನು ನಂಬದೆ ಗಾಡಿಯ ಮೈ ನೋಡಿ. ಕ್ಲಚ್ ಮತ್ತು ಬ್ರೇಕ್ ಪೆಡಲ್‌ಗಳ ರಬ್ಬರಿನ ಗೀರುಗಳು ಅಳಿಸಿಹೋಗಿ ಅಂಚು ನುಣುಪಾಗಿದ್ದರೆ, ಸ್ಟಿಯರಿಂಗ್‌ನಲ್ಲಿ ಕೈ ಹಿಡಿಯುವ ಜಾಗ ಹೊಳೆಯುತ್ತಿದ್ದರೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಕುಸಿದಿದ್ದರೆ ಆ ಗಾಡಿ 38,000 ಓಡಿದ್ದಲ್ಲ. ಟೈರ್‌ನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. 2016ರ ಗಾಡಿ, 38,000 ಕಿಲೋಮೀಟರ್, ಆದರೆ ನಾಲ್ಕು ಟೈರೂ 2023ರವು ಎಂದಾದರೆ ಹಳೆಯ ಟೈರುಗಳು ಎಷ್ಟು ಓಡಿ ಸವೆದವು ಎಂದು ಕೇಳಿ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಗಾಡಿ ಬಂದಾಗಲೆಲ್ಲ ಬರೆದುಕೊಂಡ ಕಿಲೋಮೀಟರ್ ದಾಖಲೆ ಇರುತ್ತದೆ. ಮಾಲೀಕರನ್ನೇ ಕರೆದುಕೊಂಡು ಹೋಗಿ ತೆಗೆಸಿ. ‘ಬೇಡ ಬಿಡಿ ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ’ ಎಂದರೆ ಅಲ್ಲಿಗೆ ಆ ಗಾಡಿಯ ಆಸೆ ಬಿಡಿ.

ತಪ್ಪು ಕಲ್ಪನೆ: ಹೊಸ ಸಣ್ಣ ಕಾರಿನ ಬೆಲೆಗೆ ಹಳೆಯ ಆಕ್ಟೇವಿಯಾ ಸಿಗುವಾಗ ಅದೇ ಲಾಭ

ವಾಸ್ತವ: 180 ಪಿಎಸ್ ಕೊಡುವ ಸ್ಕೋಡಾ ಆಕ್ಟೇವಿಯಾ 1.8 ಟಿಎಸ್‌ಐ ಹೆದ್ದಾರಿಗೆಂದೇ ಹುಟ್ಟಿದ ಕಾರು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯದಾದಂತೆ ಇಳಿಯುವುದು ಕಾರಿನ ಬೆಲೆ. ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹತ್ತು ವರ್ಷದ ಹಿಂದೆ ದುಬಾರಿಯಾಗಿದ್ದ ಕಾರಿನ ಸಸ್ಪೆನ್ಶನ್, ಹೆಡ್‌ಲೈಟ್, ಎಸಿ ಕಂಪ್ರೆಸರ್‌ಗಳಿಗೆ ಇಂದಿಗೂ ದುಬಾರಿ ಕಾರಿನ ದರವೇ. ಅದರ ಮೇಲೆ ವರ್ಷಕ್ಕೆ 40,000 ಓಡಿಸುವವರಿಗೆ ಸರ್ವಿಸ್ ವರ್ಷಕ್ಕೊಂದಲ್ಲ, ಮೂರೋ ನಾಲ್ಕೋ ಬರುತ್ತವೆ. ಟೈರ್ ಸೆಟ್ ವರ್ಷಕ್ಕೊಂದರ ಲೆಕ್ಕದಲ್ಲಿ ಹೋಗುತ್ತದೆ. ಬ್ರೇಕ್ ಪ್ಯಾಡ್, ಡಿಸ್ಕ್ ಎಲ್ಲವೂ ಹಾಗೇ.

ಇದಕ್ಕೆ ಪರಿಹಾರವೊಂದೇ: ಕೈಯಲ್ಲಿರುವ ದುಡ್ಡನ್ನೆಲ್ಲ ಕೊಂಡುಕೊಳ್ಳುವುದಕ್ಕೇ ಸುರಿಯಬಾರದು. ಎಂಟು ಲಕ್ಷ ಇದ್ದರೆ ಆರೂವರೆಯ ಕಾರು ನೋಡಿ, ಒಂದೂವರೆಯನ್ನು ಮೊದಲ ವರ್ಷದ ಕೆಲಸಕ್ಕೆ ಎತ್ತಿಡಿ. ಎಲ್ಲ ಆಯಿಲ್‌ಗಳು, ಕೂಲಂಟ್, ಬ್ರೇಕ್ ಫ್ಲೂಯಿಡ್, ಬ್ಯಾಟರಿ, ಟೈರ್, ಟೈಮಿಂಗ್ ಬೆಲ್ಟ್ ಇವನ್ನು ತಂದ ತಿಂಗಳಲ್ಲೇ ಮಾಡಿಸಿಬಿಡಬೇಕು. ಟೈಮಿಂಗ್ ಬೆಲ್ಟ್ ಬಗ್ಗೆ ಒತ್ತಿ ಹೇಳಲೇಬೇಕು. ಫೋರ್ಡ್‌ನ 1.5 ಡೀಸೆಲ್, ಫೋಕ್ಸ್‌ವ್ಯಾಗನ್‌ನ 1.5 ಟಿಡಿಐ, ಎಸ್-ಕ್ರಾಸ್‌ನ 1.6 ಎಲ್ಲಕ್ಕೂ ಬೆಲ್ಟ್ ಇದೆ. ಮಾರುತಿ, ಟಾಟಾ ಕಾರುಗಳಲ್ಲಿ ಬಂದ 1.3 ಮಲ್ಟಿಜೆಟ್‌ಗೆ ಚೈನ್. ಬೆಲ್ಟ್ ಓಡುತ್ತಿರುವಾಗ ತುಂಡಾದರೆ ವಾಲ್ವ್‌ಗಳಿಗೆ ಪಿಸ್ಟನ್ ಬಡಿದು ಎಂಜಿನ್ ಬಿಚ್ಚಬೇಕಾಗುತ್ತದೆ. ಬದಲಾಯಿಸಿದ ಬಿಲ್ ತೋರಿಸದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿಯಿರಿ.

ಬಿಡಿಭಾಗ ಸಿಗುವ ದಾರಿಯನ್ನೂ ನೋಡಿಕೊಳ್ಳಿ. ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರಲ್ಲಿ ಘೋಷಿಸಿತು, ಪೋಲೊ ತಯಾರಿಕೆ 2022ರಲ್ಲಿ ನಿಂತಿತು. ಕಾರುಗಳು ಇನ್ನೂ ಚೆನ್ನಾಗಿವೆ. ಕೊಳ್ಳುವ ಮೊದಲು ತುಮಕೂರಿನಲ್ಲೋ ಬೆಂಗಳೂರಿನ ನಿಮ್ಮ ಕೆಲಸದ ಜಾಗದ ಹತ್ತಿರವೋ ಅವನ್ನು ಬಲ್ಲ ಮೆಕ್ಯಾನಿಕ್ ಇದ್ದಾರೆಯೇ ಎಂದು ವಿಚಾರಿಸಿ. ದಿನಾ ಬೇಕಾದ ಗಾಡಿ ಒಂದು ಪಾರ್ಟ್‌ಗಾಗಿ ಎರಡು ವಾರ ಗ್ಯಾರೇಜಿನಲ್ಲಿ ನಿಂತರೆ ಬದಲಿ ಓಡಾಟದ ಖರ್ಚು ಬೇರೆ.

ತಪ್ಪು ಕಲ್ಪನೆ: ಆಟೋಮ್ಯಾಟಿಕ್ ಅಂದರೆ ಎಲ್ಲ ಒಂದೇ

ವಾಸ್ತವ: ಟ್ರಾಫಿಕ್ಕಿನ ಕಡೆಯ ಹದಿನೈದು ಕಿಲೋಮೀಟರಿಗಾಗಿ ಆಟೋಮ್ಯಾಟಿಕ್ ಬೇಕೆನ್ನುವುದು ನ್ಯಾಯ. ಆದರೆ ಅದೇ ಹದಿನೈದು ಕಿಲೋಮೀಟರ್ ಕೆಲವು ಗೇರ್‌ಬಾಕ್ಸ್‌ಗಳಿಗೆ ಶತ್ರು. 1.2 ಟಿಎಸ್‌ಐ ಪೋಲೊ, ವೆಂಟೊ ಮತ್ತು ಆಕ್ಟೇವಿಯಾ 1.8ರಲ್ಲಿ ಇರುವುದು ಡಿಕ್ಯೂ200 ಎಂಬ ಏಳು ಗೇರಿನ ಡಿಎಸ್‌ಜಿ. ಅದರ ಎರಡು ಕ್ಲಚ್‌ಗಳೂ ಒಣ ಕ್ಲಚ್, ಆಯಿಲ್‌ನ ತಂಪು ಅವಕ್ಕಿಲ್ಲ. ಹೆದ್ದಾರಿಯಲ್ಲಿ ಬೆಣ್ಣೆಯಂತೆ ಗೇರ್ ಬದಲಾಯಿಸುವ ಈ ಪೆಟ್ಟಿಗೆ, ಇಂಚಿಂಚು ತೆವಳುವ ಟ್ರಾಫಿಕ್ಕಿನಲ್ಲಿ ಅರ್ಧ ಕ್ಲಚ್ ಮೇಲೆ ಬಿಸಿಯಾಗುತ್ತದೆ. ಕ್ಲಚ್ ಜೊತೆಗೆ ಗೇರ್ ಬದಲಾಯಿಸುವ ಮೆಕಾಟ್ರಾನಿಕ್ ಘಟಕವೂ ಕೈಕೊಟ್ಟ ಉದಾಹರಣೆಗಳು ಪ್ರಪಂಚದಾದ್ಯಂತ ಇವೆ. 2013ರಲ್ಲಿ ಫೋಕ್ಸ್‌ವ್ಯಾಗನ್ ಇದೇ ಏಳು ಗೇರಿನ ಡಿಎಸ್‌ಜಿಯ ಆಯಿಲ್ ಬದಲಿಸಲೆಂದು ಜಗತ್ತಿನಾದ್ಯಂತ 16 ಲಕ್ಷ ಕಾರುಗಳನ್ನು ವಾಪಸ್ ಕರೆಸಿತ್ತು.

ಆಕ್ಟೇವಿಯಾ ಡೀಸೆಲ್‌ನ ಆರು ಗೇರಿನ ಡಿಎಸ್‌ಜಿ ಬೇರೆ ಜಾತಿ. ಅದರ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುತ್ತದೆ. 60,000 ಕಿಲೋಮೀಟರಿಗೊಮ್ಮೆ ಆಯಿಲ್ ಬದಲಾಯಿಸಿದ್ದರೆ ಬಾಳಿಕೆ ಬರುತ್ತದೆ. 2020ರ ನಂತರದ 1.0 ಟಿಎಸ್‌ಐ ಪೋಲೊ ಮತ್ತು 2017ರ ನಂತರದ ವರ್ನಾ ಡೀಸೆಲ್ ಆಟೋಮ್ಯಾಟಿಕ್‌ನಲ್ಲಿ ಬಂದದ್ದು ಹಳೆಯ ಶೈಲಿಯ ಟಾರ್ಕ್ ಕನ್ವರ್ಟರ್. ಗೇರ್ ಬದಲಾವಣೆ ಒಂದು ಗುಟುಕು ನಿಧಾನ ಅನ್ನಿಸಬಹುದು, ತಾಳಿಕೆಯಲ್ಲಿ ಮೇಲು. ದಿನಾ ಗೊರಗುಂಟೆಪಾಳ್ಯ ದಾಟಬೇಕಾದವರಿಗೆ ನನ್ನ ಸಲಹೆ ಟಾರ್ಕ್ ಕನ್ವರ್ಟರ್, ಇಲ್ಲವೇ ಮ್ಯಾನುಯಲ್.

ಇನ್ನೊಂದು ದಾರಿಯೂ ತೆರೆದಿದೆ. 2024ರ ನವೆಂಬರಿನಲ್ಲಿ ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರಕ್ಕೆ ಬಂತು. ಕಾರನ್ನು ಅಲ್ಲಿವರೆಗೆ ಮಾತ್ರ ತಂದು ಉಳಿದ ದಾರಿಗೆ ಮೆಟ್ರೊ ಹಿಡಿದರೆ ಗೇರ್‌ಬಾಕ್ಸಿನ ಆಯಸ್ಸೂ ನಿಮ್ಮ ತಾಳ್ಮೆಯೂ ಉಳಿಯುತ್ತವೆ. ಆಗ ಮ್ಯಾನುಯಲ್ ಗೇರಿನ ಅಗ್ಗದ, ಗಟ್ಟಿ ಕಾರು ಸಾಕಾಗುತ್ತದೆ.

ತಪ್ಪು ಕಲ್ಪನೆ: ಡೀಸೆಲ್ ಕಾಲ ಮುಗಿಯಿತು, ಹತ್ತು ವರ್ಷಕ್ಕೆ ಗುಜರಿ

ವಾಸ್ತವ: ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು, ಹಸಿರು ನ್ಯಾಯಮಂಡಳಿಯ 2015ರ ಆದೇಶದಿಂದ ಬಂದದ್ದು. ಕರ್ನಾಟಕದಲ್ಲಿ ಆ ನಿಯಮವಿಲ್ಲ. ಇಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ ನವೀಕರಿಸಬಹುದು.

ದುಡ್ಡಿನ ಲೆಕ್ಕವೂ ಡೀಸೆಲ್ ಪರವಾಗಿದೆ. ಟರ್ಬೊ ಪೆಟ್ರೋಲ್ ಲೀಟರಿಗೆ 14, ಡೀಸೆಲ್ 19 ಕೊಡುತ್ತದೆಂದೂ ಪೆಟ್ರೋಲ್ ₹100, ಡೀಸೆಲ್ ₹90 ಎಂದೂ ಇಟ್ಟುಕೊಳ್ಳಿ. 40,000 ಕಿಲೋಮೀಟರಿಗೆ ಪೆಟ್ರೋಲ್ ಖರ್ಚು ಸುಮಾರು ₹2.86 ಲಕ್ಷ, ಡೀಸೆಲ್‌ನದು ₹1.9 ಲಕ್ಷ. ವರ್ಷಕ್ಕೆ ತೊಂಬತ್ತು ಸಾವಿರಕ್ಕಿಂತ ಹೆಚ್ಚು ವ್ಯತ್ಯಾಸ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ, ಮತ್ತು ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಡಿಮೆ. ಆದ್ದರಿಂದ ಪೆಟ್ರೋಲ್ ಕಾರಿನ ಹಳೆಯ ಮೈಲೇಜ್ ಅಂಕಿಗಳಿಂದ ಒಂದಿಷ್ಟು ಕಳೆಯಬೇಕು. 2023ರ ಏಪ್ರಿಲ್‌ಗಿಂತ ಹಿಂದಿನ ಪೆಟ್ರೋಲ್ ಕಾರಾದರೆ ಅದರ ಫ್ಯೂಯಲ್ ಪೈಪ್ ಮತ್ತು ಸೀಲ್‌ಗಳು ಈ ಪೆಟ್ರೋಲಿಗೆ ಹೊಂದುತ್ತವೆಯೇ ಎಂದು ಕಂಪನಿಯವರನ್ನು ಕೇಳಿ ತಿಳಿಯಬೇಕು.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್‌ಗಳಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಊರೊಳಗೇ ಓಡುವ ಗಾಡಿಯಲ್ಲಿ ಅದು ಕಟ್ಟಿಕೊಂಡು ಕಾಟ ಕೊಡುತ್ತದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ಓಡುವ ಗಾಡಿಯಲ್ಲಿ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಡಿಪಿಎಫ್‌ಗೆ ಹೆದರಿ ಜನ ಬಿಟ್ಟುಕೊಡುತ್ತಿರುವ ಡೀಸೆಲ್‌ಗಳು ನಿಮ್ಮ ಬಳಕೆಗೆ ಹೇಳಿ ಮಾಡಿಸಿದಂಥವು. 117 ಪಿಎಸ್, 300 ನ್ಯೂಟನ್ ಮೀಟರ್‌ನ ಮಹೀಂದ್ರ ಎಕ್ಸ್‌ಯುವಿ300 ಡೀಸೆಲ್ ಇವುಗಳಲ್ಲಿ ಒಂದು. 2020ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದ ಮಾದರಿ ಅದು ಎಂಬುದನ್ನೂ ಮನೆಯವರು ಗಮನಿಸಲಿ.

ತಪ್ಪು ಕಲ್ಪನೆ: ಟರ್ಬೊ ಬೇಗ ಹೋಗುತ್ತದೆ

ವಾಸ್ತವ: ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಅದರ ಬೇರಿಂಗಿಗೆ ಶುದ್ಧ ಆಯಿಲ್ ಒಂದೇ ಆಧಾರ. ಕಂಪನಿ ಹೇಳಿದ ದರ್ಜೆಯ ಆಯಿಲ್ ಹೊತ್ತಿಗೆ ಸರಿಯಾಗಿ ಬಿದ್ದಿದ್ದರೆ ಟರ್ಬೊ ಎಂಜಿನ್ನಿನಷ್ಟೇ ಬಾಳುತ್ತದೆ. ಹೆದ್ದಾರಿಯಿಂದ ನೇರವಾಗಿ ಹೋಟೆಲಿನ ಮುಂದೆ ನಿಲ್ಲಿಸಿದಾಗ ಒಂದು ನಿಮಿಷ ಎಂಜಿನ್ ತಣ್ಣಗೆ ಓಡಲು ಬಿಟ್ಟು ಆಫ್ ಮಾಡುವ ರೂಢಿ ಒಳ್ಳೆಯದು.

ತಪ್ಪು ಕಲ್ಪನೆ: ಸಾಧಾರಣ ಕಾರು ಕೊಂಡು ರೀಮ್ಯಾಪ್ ಮಾಡಿಸಿದರೆ ಆಯಿತು

ವಾಸ್ತವ: ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವ ರೀಮ್ಯಾಪ್ ಏರಿಸುವುದು ಎಂಜಿನ್ನಿನ ಎಳೆತವನ್ನು. ಕ್ಲಚ್, ಗೇರ್‌ಬಾಕ್ಸ್, ಬ್ರೇಕ್ ಹಳೆಯವೇ ಇರುತ್ತವೆ, ಅದೂ ಒಂದು ಲಕ್ಷ ಕಿಲೋಮೀಟರ್ ಸವೆದವು. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯಲು ಒಂದು ಕಾರಣವನ್ನು ನಾವೇ ಕೊಟ್ಟಂತೆ. ಈಗಾಗಲೇ ರೀಮ್ಯಾಪ್ ಆದ ಗಾಡಿ ಎಂದು ಗೊತ್ತಾದರೆ ಕೊಳ್ಳಬೇಡಿ. ಹಿಂದಿನವರು ಅದನ್ನು ಹೇಗೆ ಓಡಿಸಿರಬಹುದೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ತಪ್ಪು ಕಲ್ಪನೆ: ದೆಹಲಿ ಗಾಡಿ ಅಗ್ಗ, ಕಣ್ಣುಮುಚ್ಚಿ ತರಬಹುದು

ವಾಸ್ತವ: ಅಗ್ಗ ಎನ್ನುವುದು ಅಲ್ಲಿಯ ಬೆಲೆ ಮಾತ್ರ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ, ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ, ಇಲ್ಲಿ ಲೈಫ್ ಟ್ಯಾಕ್ಸ್, ಹೊಸ ಕೆಎ ನಂಬರ್ ಇಷ್ಟೂ ಸೇರಿಸಿ ನೋಡಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲೇ ಇಟ್ಟುಕೊಳ್ಳುವ ಗಾಡಿಯ ನೋಂದಣಿ ಬದಲಿಸಲೇಬೇಕು. ದಿನಾ ಅದೇ ಹೆದ್ದಾರಿಯಲ್ಲಿ ಕಾಣಿಸಿಕೊಳ್ಳುವ ಡಿಎಲ್ ನಂಬರಿನ ಗಾಡಿ ತಪಾಸಣೆಯವರ ಕಣ್ಣಿಗೆ ಬೀಳದೆ ಇರುವುದಿಲ್ಲ. ಇಲ್ಲಿಯ ಗಾಡಿಯೇ ಆದರೂ ಆರ್‌ಸಿ ವರ್ಗಾವಣೆಯ ಜೊತೆಗೆ ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಿಂದಿನವರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಗಾಡಿಯ ಜೊತೆ ಬರುವುದಿಲ್ಲ. ಆ ವ್ಯತ್ಯಾಸದ ಹಣವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ.

ತಪ್ಪು ಕಲ್ಪನೆ: ಬಡಾವಣೆಯಲ್ಲಿ ಒಂದು ಸುತ್ತು ಓಡಿಸಿ ನೋಡಿದರೆ ಸಾಕು

ವಾಸ್ತವ: ಬೆಳಿಗ್ಗೆ ಹೋಗಿ. ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಎಂದು ಹಿಂದಿನ ದಿನವೇ ಹೇಳಿಡಿ. ಬಾನೆಟ್ ಎತ್ತಿ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಯಾಕೆಂದು ಕೇಳಿ. ತಣ್ಣಗಿನ ಎಂಜಿನ್ ಎಬ್ಬಿಸಿದ ಮೊದಲ ಅರ್ಧ ನಿಮಿಷದಲ್ಲಿ ಕೇಳುವ ಚೈನಿನ ಸದ್ದು, ಕಾಣುವ ನೀಲಿ ಹೊಗೆ ಮತ್ತೆ ಇಡೀ ದಿನ ಕಾಣಸಿಗುವುದಿಲ್ಲ. ಆಯಿಲ್ ತುಂಬುವ ಮುಚ್ಚಳ ಬಿಚ್ಚಿ ಒಳಬದಿ ನೋಡಿ. ಮೊಸರಿನಂಥ ಬಿಳಿ ಲೇಪವಿದ್ದರೆ ಆಯಿಲಿಗೆ ನೀರು ಸೇರಿದೆ. ಗಾಡಿ ಹತ್ತಿರವೇ ಓಡಾಡಿದ್ದೂ ಇರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿದ್ದೂ ಇರಬಹುದು. ಮೆಕ್ಯಾನಿಕ್ ನೋಡದೆ ಮುಂದುವರಿಯಬೇಡಿ. ನಿಮ್ಮ ಮೆಕ್ಯಾನಿಕ್‌ಗೆ ಅವರ ಸ್ಕ್ಯಾನರ್ ತರಲು ಹೇಳಿ. ಹಿಂದಿನ ರಾತ್ರಿಯಷ್ಟೇ ಫಾಲ್ಟ್ ಕೋಡ್ ಅಳಿಸಿದ್ದರೆ ಎಂಜಿನ್ ಕಂಪ್ಯೂಟರಿನ ಸ್ವಯಂಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂದು ಅದು ತೋರಿಸುತ್ತದೆ.

ಆಮೇಲೆ ಗಾಡಿಯನ್ನು ನೀವು ದಿನಾ ಹೋಗುವ ಹೆದ್ದಾರಿಗೇ ಒಯ್ಯಿರಿ. ಮಾಲೀಕರು ಪಕ್ಕದಲ್ಲಿ ಕೂರಲಿ, ಪೆಟ್ರೋಲ್ ನೀವು ಹಾಕಿಸಿ. ನಾಲ್ಕನೇ ಗೇರಿನಲ್ಲಿ 60ರಿಂದ 90ಕ್ಕೆ ಏರಿಸಿ: ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. 80ರಲ್ಲಿ ಸ್ಟಿಯರಿಂಗ್ ನಡುಗುತ್ತದೆಯೇ, ಹಿಂದೆ ಯಾರೂ ಇಲ್ಲದಾಗ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆಯೇ ನೋಡಿ. ಸಾಧ್ಯವಾದರೆ ಸಂಜೆ ಕತ್ತಲಾದ ಮೇಲೂ ಒಮ್ಮೆ ಓಡಿಸಿ, ಏಕೆಂದರೆ ಹಳೆಯ ಕಾರುಗಳ ಹೆಡ್‌ಲೈಟ್ ಗಾಜು ಹಳದಿಯಾಗಿ ಬೆಳಕು ಅರ್ಧಕ್ಕೆ ಇಳಿದಿರುತ್ತದೆ, ನೀವು ಮನೆಗೆ ಹಿಂದಿರುಗುವುದು ಕತ್ತಲಲ್ಲೇ. ಮುಕ್ಕಾಲು ಗಂಟೆ ಕೂತ ಮೇಲೆ ಸೊಂಟ ಏನು ಹೇಳುತ್ತದೆಂಬುದನ್ನೂ ಕೇಳಿಕೊಳ್ಳಿ. ಎಂಜಿನ್ ಎಷ್ಟೇ ಚೆನ್ನಾಗಿರಲಿ, ಸೀಟು ನಿಮ್ಮ ಬೆನ್ನಿಗೆ ಹೊಂದದಿದ್ದರೆ ಆ ಕಾರನ್ನು ಅಲ್ಲಿಗೇ ಬಿಟ್ಟು ಇನ್ನೊಂದು ನೋಡಿ.